ವಿಠ್ಠಲ ವಿಹಾರದಿಂದ ಸರಗೂರಿನವರೆಗೆ: ನಮ್ಮ ಸೀಮೆಯ ಬಾನುಲಿಯ ಕಥೆ

ಮೈಸೂರಿನಿಂದ ನಂಜನಗೂಡಿಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ತಾಂಡ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಹೊರಬೀಳುವ ಕಾರ್ಮಿಕನಿಗಾಗಲಿ, ಕಪಿಲೆಯ ನಾಲೆಯ ಕೆಳಗಣ ಗದ್ದೆಯ ಬದುವಿನಲ್ಲಿ ಬುತ್ತಿ ಬಿಚ್ಚುವ ರೈತನಿಗಾಗಲಿ, ತಿರುಮಕೂಡಲು ನರಸೀಪುರದ ಬಸ್ಸಿನಲ್ಲಿ ಮೊಬೈಲಿಗೆ ಕಿವಿಗೊಟ್ಟು ಕುಳಿತ ವಿದ್ಯಾರ್ಥಿಗಾಗಲಿ, 100.6 ಮೆಗಾಹರ್ಟ್ಸ್‌ನಲ್ಲಿ ಕೇಳಿಬರುವ ಮೈಸೂರು ಆಕಾಶವಾಣಿಯ ಕನ್ನಡ ವಿಸ್ಮಯದ ವಸ್ತುವಾಗಿ ತೋರುವುದಿಲ್ಲ. ಗಾಳಿಯಂತೆ, ಬೆಳಕಿನಂತೆ, ಅದು ಎಂದಿನಿಂದಲೋ ಇದ್ದದ್ದೆಂಬ ಭಾವನೆ ಸಾಮಾನ್ಯ. ಆದರೆ ಈ ಧ್ವನಿ ಒಬ್ಬ ಅಧ್ಯಾಪಕರ ಮನೆಯಲ್ಲಿ ಹುಟ್ಟಿ, ಸಂಸ್ಥಾನದ ಆಶ್ರಯದಲ್ಲಿ ಬೆಳೆದು, ಬೆಳೆದ ಕಾರಣದಿಂದಲೇ ಊರನ್ನು ಬಿಟ್ಟುಹೋಗಿ, ಸುಮಾರು ಎರಡು ದಶಕಗಳ ತರುವಾಯ ಮರಳಿ ಬಂದದ್ದು. ಅದರ ಚರಿತ್ರೆಯನ್ನು ಅವಲೋಕಿಸಿದಲ್ಲಿ, ಪ್ರಸಾರದ ಹಿರಿಮೆ ಅದು ಕ್ರಮಿಸುವ ದೂರದಲ್ಲಿದೆಯೋ, ಅದಕ್ಕೆ ದನಿಗೂಡಿಸಬಲ್ಲ ಜನರಲ್ಲಿದೆಯೋ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಆ ಅಧ್ಯಾಪಕರು ಡಾ. ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಖ್ಯಾತ ಮನಶ್ಶಾಸ್ತ್ರಜ್ಞರ ಶಿಷ್ಯರಾಗಿದ್ದು, ಸ್ವದೇಶಕ್ಕೆ ಹಿಂದಿರುಗಿ, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗಕ್ಕೆ ಅಸ್ತಿಭಾರ ಹಾಕಿದವರು ಅವರೇ. ಮನುಷ್ಯನ ಮನಸ್ಸು ಕಲಿಯುವ ಬಗೆಯನ್ನು ಅಭ್ಯಾಸ ಮಾಡಿದ ವಿದ್ವಾಂಸರಿಗೆ, ಅಕ್ಷರ ಬಾರದವನನ್ನೂ ತಲುಪಬಲ್ಲ ಯಂತ್ರವೊಂದರಲ್ಲಿ ಆಸಕ್ತಿ ಮೂಡಿದ್ದು ಆಶ್ಚರ್ಯವಲ್ಲ. 1935ರ ಸೆಪ್ಟೆಂಬರ್ 10ರಂದು, ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಲ್ಲಿ, ಮೂವತ್ತು ವಾಟ್ ಸಾಮರ್ಥ್ಯದ ಪುಟ್ಟ ಪ್ರೇಷಕ ಯಂತ್ರವನ್ನಿಟ್ಟುಕೊಂಡು ಅವರು ಪ್ರಸಾರವನ್ನು ಆರಂಭಿಸಿದರು. ಹಿಂದೆ ನಮ್ಮ ಮನೆಗಳ ನಡುಮನೆಯಲ್ಲಿ ಉರಿಯುತ್ತಿದ್ದ ಸಾಧಾರಣ ಬಲ್ಬಿಗೂ ನಲವತ್ತು ವಾಟ್ ವಿದ್ಯುತ್ತು ಬೇಕಾಗಿತ್ತೆಂಬುದನ್ನು ನೆನೆದರೆ, ಆ ಸಾಹಸದ ಅಳತೆ ಮನಸ್ಸಿಗೆ ಬಂದೀತು.

ಕಾಲವನ್ನೂ ಇಲ್ಲಿ ಗಮನಿಸಬೇಕು. ಮುಂಬಯಿಯಲ್ಲಿ 1927ರಲ್ಲಿ ಆರಂಭವಾದ ಖಾಸಗಿ ಪ್ರಸಾರ ಸಂಸ್ಥೆ ಮೂರೇ ವರ್ಷಗಳಲ್ಲಿ ನಷ್ಟದ ಭಾರ ತಾಳಲಾರದೆ ಮುಚ್ಚಿಹೋಗಿ, ಬ್ರಿಟಿಷ್ ಸರ್ಕಾರ ಆ ಕಾರ್ಯವನ್ನು ವಹಿಸಿಕೊಂಡಿತ್ತು. ‘ಆಲ್ ಇಂಡಿಯಾ ರೇಡಿಯೋ’ ಎಂಬ ನಾಮಕರಣವಾದದ್ದು 1936ರ ಜೂನ್ ತಿಂಗಳಿನಲ್ಲಿ. ಬಂಡವಾಳಿಗರ ಕಂಪೆನಿಯೇ ಕೈಚೆಲ್ಲಿದ ಕಾರ್ಯಕ್ಕೆ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಸ್ವಂತ ಹಣದಿಂದಲೂ ಅಭಿಮಾನಿಗಳ ನೆರವಿನಿಂದಲೂ ಕೈಹಾಕಿದರೆಂದಾಗ, ಅದರ ಪ್ರೇರಣೆ ಲಾಭವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವರ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಂತಿತು. 1950ರ ದಶಕದಲ್ಲಿ ಭಾರತ ಸರ್ಕಾರದ ಬಾನುಲಿ ತನ್ನ ಅಧಿಕೃತ ನಾಮಧೇಯವಾಗಿ ಸ್ವೀಕರಿಸಿದ್ದೂ ಇದೇ ಹೆಸರನ್ನು.

ಧ್ವನಿಯನ್ನು ಟೇಪಿನಲ್ಲಿ ಹಿಡಿದಿಟ್ಟು ಬೇಕೆಂದಾಗ ಬಿತ್ತರಿಸುವ ಸೌಕರ್ಯ ಅಂದು ಇರಲಿಲ್ಲ. ಗ್ರಾಮಫೋನ್ ತಟ್ಟೆಗಳನ್ನು ಬಿಟ್ಟರೆ ಹಾಡು, ವಾಚನ, ಉಪನ್ಯಾಸ ಯಾವುದಾದರೂ ಆ ಗಳಿಗೆಯಲ್ಲಿ ಆ ಮೈಕಿನೆದುರೇ ನಡೆಯಬೇಕು. ಕೆಮ್ಮು ಬಂದರೂ ತಂಬೂರಿಯ ತಂತಿ ಹರಿದರೂ ಕೇಳುಗನಿಗೆ ಅದೂ ತಲುಪಿಬಿಡುತ್ತದೆ. ಆದಕಾರಣ ಕವಿಗಳೂ ಗಾಯಕರೂ ವಿದ್ವಾಂಸರೂ ಖುದ್ದಾಗಿ ಗೋಪಾಲಸ್ವಾಮಿಯವರ ಮನೆಯ ಬಾಗಿಲಿಗೆ ಬರಬೇಕಾಗಿತ್ತು. ಮಹಾರಾಜಾ ಕಾಲೇಜಿನಲ್ಲಿ ಆಗ ಅಧ್ಯಾಪಕರಾಗಿದ್ದ ಕುವೆಂಪು ಮೊದಲ ದಿನವೇ ಅಲ್ಲಿ ಕವಿತಾವಾಚನ ಮಾಡಿದರೆಂಬುದು ಮೈಸೂರಿಗರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿ. ವಿನೋದ ಸಾಹಿತಿ ನಾ. ಕಸ್ತೂರಿಯವರೂ ನಿಲಯದ ಕಾರ್ಯದಲ್ಲಿ ಕೈಗೂಡಿಸಿದರು. ಊರಿನ ಪ್ರತಿಭೆಯೇ ಅಲ್ಲಿನ ಬಂಡವಾಳ. ಯಂತ್ರದ ಶಕ್ತಿ ಅತ್ಯಲ್ಪವಾಗಿದ್ದರೂ ನಿಲಯ ದರಿದ್ರವೆನಿಸದೆ ಹೋದದ್ದು ಇದರಿಂದಲೇ.

ಆದರೆ ಒಬ್ಬ ವ್ಯಕ್ತಿಯ ಉತ್ಸಾಹವೆಷ್ಟೇ ಉಜ್ಜ್ವಲವಾಗಿದ್ದರೂ ನಿತ್ಯದ ಖರ್ಚಿಗೆ ಅದೊಂದೇ ಸಾಲದು. ಮುಂದೆ 250 ವಾಟ್‌ನ ಯಂತ್ರ ಬಂದಿತು. ಯಂತ್ರದೊಡನೆ ವೆಚ್ಚವೂ ಬೆಳೆಯಿತು. 1942ರ ಆರಂಭದಲ್ಲಿ ಮೈಸೂರು ಸಂಸ್ಥಾನವೇ ನಿಲಯದ ಹೊಣೆಯನ್ನು ಹೊತ್ತಿತು. ಸಂಸ್ಥಾನ ಭಾರತದಲ್ಲಿ ಲೀನವಾದ ಮೇಲೆ, 1950ರಲ್ಲಿ, ಅದು ಆಲ್ ಇಂಡಿಯಾ ರೇಡಿಯೋದ ಅಂಗವಾಯಿತು. 1955ರಲ್ಲಿ ಆಕಾಶವಾಣಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆಡಳಿತದ ದೃಷ್ಟಿಯಿಂದ ನೋಡಿದರೆ ರಾಜಧಾನಿಯಲ್ಲಿ ಪ್ರಬಲವಾದ ಒಂದು ನಿಲಯವಿದ್ದು ನಾಡಿನ ಮೂಲೆಮೂಲೆಗೂ ದನಿ ಮುಟ್ಟುವುದು ಸಮಂಜಸವೇ ಸರಿ; ಆದರೂ ನಂಜನಗೂಡು ಸೀಮೆಯ ಕಂಸಾಳೆ ಕಲಾವಿದನಿಗೆ ಮೈಕು ಕೈಗೆಟಕುವ ದೂರದಿಂದ ಒಂದು ರಾತ್ರಿಯ ಪಯಣದಷ್ಟು ಆಚೆಗೆ ಸರಿದದ್ದೂ ಅಷ್ಟೇ ಸತ್ಯ. ಕೇಳುವ ಭಾಗ್ಯ ಹಿಗ್ಗಿತು, ಕೇಳಿಸುವ ಅವಕಾಶ ಕುಗ್ಗಿತು. ಮೈಸೂರಿನಲ್ಲಿ ನಿಲಯ ಪುನಃ ಜೀವ ತಳೆದದ್ದು 1974ರಲ್ಲಿ. ಯಾದವಗಿರಿಯ ಆ ನಿಲಯವೇ ಮುಂದೆ ಎಫ್‌ಎಂಗೆ ಹೊರಳಿ, ಇಂದು ನಮ್ಮ ಸೀಮೆಯ ಕೃಷಿ, ಸಂಗೀತ, ಜಾನಪದಗಳಿಗೆ ತಾಣವಾಗಿದೆ.

ಎಫ್‌ಎಂನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಹಳೆಯ ಮಧ್ಯಮ ತರಂಗದ ಪ್ರಸಾರದಲ್ಲಿ ಅಲೆಯ ಎತ್ತರವು ಧ್ವನಿಗೆ ಅನುಗುಣವಾಗಿ ಏರಿಳಿಯುತ್ತದೆ. ಮಿಂಚು ಅಲೆಯ ಎತ್ತರವನ್ನೇ ಕಲಕುವುದರಿಂದ, ಮುಂಗಾರಿನ ಗುಡುಗಿನ ಸಂಜೆಗಳಲ್ಲಿ ಹಾಡಿನ ನಡುವೆ ಕರಕರ ಸದ್ದು ತಪ್ಪುತ್ತಿರಲಿಲ್ಲ. ಎಫ್‌ಎಂನಲ್ಲಿ ಎತ್ತರ ಒಂದೇ ಸಮನಾಗಿದ್ದು ಅಲೆಯ ಆವರ್ತನ ಮಾತ್ರ ಬದಲಾಗುವುದರಿಂದ ಧ್ವನಿ ಶುದ್ಧವಾಗಿ ಕೇಳುತ್ತದೆ. ಇದಕ್ಕೆ ಪ್ರತಿಯಾಗಿ ಒಂದು ಮಿತಿಯನ್ನೂ ಒಪ್ಪಬೇಕಾಗುತ್ತದೆ: ಮಧ್ಯಮ ತರಂಗ ಇರುಳಿನಲ್ಲಿ ವಾಯುಮಂಡಲದ ಮೇಲಣ ಪದರದಿಂದ ಪ್ರತಿಫಲಿಸಿ ನೂರಾರು ಮೈಲಿ ದಾಟಬಲ್ಲದು, ಸುಮಾರು ಮೂರು ಮೀಟರ್ ಉದ್ದದ ಈ ಎಫ್‌ಎಂ ಅಲೆಯೋ ಬಹುಮಟ್ಟಿಗೆ ನೇರವಾಗಿಯೇ ಸಾಗಿ, ದಿಗಂತದ ಬಾಗಿಗೆ ಬಂದೊಡನೆ ಕ್ಷೀಣಿಸುತ್ತದೆ. ದೂರ ಹೋಗಲಾರದ್ದು ಎಂಬ ಈ ಕೊರತೆಯೇ ಅದರ ಗುಣವಾಯಿತು. ಒಂದೇ ಆವರ್ತನವನ್ನು ದೂರದ ಮತ್ತೊಂದು ಊರಿಗೂ ಕೊಡಬಹುದಾದ್ದರಿಂದ, ಪ್ರತಿಯೊಂದು ಸೀಮೆಗೂ ತನ್ನದೇ ಬಾನುಲಿ ಎಂಬ ಕಲ್ಪನೆ ಕಾರ್ಯಸಾಧ್ಯವಾಯಿತು.

ಯಂತ್ರ ಒಪ್ಪಿದರೂ ಕಾನೂನು ಒಪ್ಪಲು ತಡವಾಯಿತು. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿಯಲ್ಲಿ ತೀರ್ಪಿತ್ತ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಬೆಂಗಳೂರಿನಲ್ಲೇ ಆರಂಭವಾಯಿತು. ಅನಂತರ ಶಿಕ್ಷಣ ಸಂಸ್ಥೆಗಳಿಗೂ, 2006ರ ನೀತಿಯ ಮೂಲಕ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸುವ ಅನುಮತಿ ದೊರೆಯಿತು. ಇದರ ಫಲವಾಗಿ 2012ರಲ್ಲಿ ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯ ‘ಜನಧ್ವನಿ’ ಮೊಳಗಿತು. ನಂಜನಗೂಡನ್ನು ತೊಳೆದು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ಮೇಲ್ದಂಡೆಯ ಊರದು. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗ ಜನರ ವಾಸ. 1984ರಲ್ಲಿ ಸ್ಥಾಪಿತವಾಗಿ ಇವರ ನಡುವೆ ಆಸ್ಪತ್ರೆ, ಶಾಲೆಗಳನ್ನು ಕಟ್ಟಿದ ಸಂಸ್ಥೆಗೆ, ಬಾನುಲಿಯು ಆ ಸೇವೆಯ ಮುಂದುವರಿಕೆಯಾಗಿ ಒದಗಿತು.

ಸಮುದಾಯ ಬಾನುಲಿಗೆ ಸರ್ಕಾರ ವಿಧಿಸಿರುವ ನಿಬಂಧನೆಗಳಲ್ಲಿ ಎರಡು ವಿಶೇಷವಾಗಿ ಚಿಂತನಾರ್ಹ. ಪ್ರೇಷಣದ ಶಕ್ತಿ ಸಾಧಾರಣವಾಗಿ ನೂರು ವಾಟ್‌ಗೆ ಮಿತಗೊಂಡಿರುವುದರಿಂದ ದನಿ ಹತ್ತು ಹದಿನೈದು ಕಿಲೋಮೀಟರಿನಾಚೆ ಹೋಗದು. ಆದರೆ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯ ಜನರ ಸಹಭಾಗಿತ್ವದಿಂದಲೇ ಸಿದ್ಧವಾಗಬೇಕು. ಮೊದಲನೆಯದು ನಿರ್ಬಂಧದಂತೆ ತೋರಿದರೂ ಎರಡನೆಯದನ್ನು ಸಾರ್ಥಕಗೊಳಿಸುವುದು ಅದೇ. ಇದರ ನಡುವೆ, ಸ್ವಂತವಾಗಿ ಸುದ್ದಿ ಸಂಗ್ರಹಿಸಿ ಬಿತ್ತರಿಸುವ ಹಕ್ಕು ಮಾತ್ರ ಈ ನಿಲಯಗಳಿಗೆ ಇನ್ನೂ ದೊರೆತಿಲ್ಲ. ಊರಿನ ಬಾಯಿಯಾಗಬೇಕಾದ ಬಾನುಲಿ ಊರಿನ ಸುದ್ದಿಯನ್ನೇ ಹೇಳಬಾರದೆಂಬ ಈ ವಿಪರ್ಯಾಸ ಪರಿಹಾರವಾಗಬೇಕಾದದ್ದು ನ್ಯಾಯ.

ಗೋಪಾಲಸ್ವಾಮಿಯವರಿಗೆ ಕಡಿಮೆ ವಾಟ್‌ಗಳ ಯಂತ್ರ ಅನಿವಾರ್ಯವಾಗಿತ್ತು. ಇಂದಿನ ಸಮುದಾಯ ಬಾನುಲಿಗೆ ಅದು ನಿಯಮವಾಗಿದೆ. ಎರಡೂ ಕಡೆ ಫಲ ಒಂದೇ: ಕೇಳುವವನೂ ಹೇಳುವವನೂ ಒಬ್ಬರಿಗೊಬ್ಬರು ಗುರುತಿನವರು. ಕಾರ್ಖಾನೆಯ ಹೊಗೆಯೂ ಗದ್ದೆಯ ಹಸುರೂ ಒಂದೇ ಕಣ್ಣಳತೆಯಲ್ಲಿರುವ ತಾಂಡ್ಯದಂಥ ಸೀಮೆಗೆ ನಾಳೆ ತನ್ನದೇ ಬಾನುಲಿ ಬೇಕೆನಿಸಿದರೆ, ಅದನ್ನು ಬಯಸುವವರು ಗೋಪುರದ ಎತ್ತರವನ್ನು ಲೆಕ್ಕ ಹಾಕುವ ಮೊದಲು, ಮೈಕಿನ ಮುಂದೆ ಯಾರನ್ನು ಕೂರಿಸಬೇಕೆಂಬುದನ್ನು ನಿರ್ಧರಿಸಿಕೊಳ್ಳುವುದು ಲೇಸು.