ಗೌರಿ ಹೂವಿನ ಉಳಿದ ತಿಂಗಳುಗಳು

ಶಿಕಾರಿಪುರ ಬಿಟ್ಟು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವವರು ಭಾದ್ರಪದದಲ್ಲಿ ಬೇಲಿಗಳ ಮೇಲೊಂದು ಕಣ್ಣಿಡಬೇಕು. ಲಂಟಾನದ ನೆತ್ತಿಯಲ್ಲೋ ಬಿದಿರು ಮೆಳೆಯ ಮಗ್ಗುಲಲ್ಲೋ, ಬುಡ ಹಳದಿ, ತುದಿ ಕೆಂಪಾದ ಹೂವೊಂದು ಬೆಂಕಿ ಹೊತ್ತಿಸಿದಂತೆ ನಿಂತಿರುತ್ತದೆ. ಎಸಳು ಆರು. ಅಂಚೆಲ್ಲ ನಿರಿಗೆ ನಿರಿಗೆ. ಹೂವಿನ ಮುಖ ನೆಲದ ಕಡೆಗೆ, ಎಸಳುಗಳು ಮಾತ್ರ ಹಿಂದಕ್ಕೆ ಮಡಚಿ ಆಕಾಶದ ಕಡೆಗೆ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ನಮಗಿದು ಗೌರಿ ಹೂ. ಅಗ್ನಿಶಿಖೆ, ಕೋಳಿಕುಟುಮ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ, 1753ರಲ್ಲಿ ಲಿನೇಯಸ್ ಇಟ್ಟದ್ದು.

ಹೂ ಬಿಟ್ಟಾಗ ಇದನ್ನು ಗುರುತಿಸಲು ಯಾರ ನೆರವೂ ಬೇಡ. ಆದರೆ ಬೇಲಿ ಸವರುವ ಕೆಲಸ ನಡೆಯುವುದು ಹೂವಿಗೆ ಮೊದಲು, ಆರಿದ್ರೆ ಪುನರ್ವಸು ಮಳೆಗಳ ನಡುವೆ. ಆಗ ಅದು ಬರಿಯ ಹಸಿರು ಬಳ್ಳಿ. ಕತ್ತಿ ಹಿಡಿದವರಿಗೆ ಕಳೆಯಂತೆಯೇ ಕಾಣುತ್ತದೆ. ಈ ಗಿಡವನ್ನು ಉಳಿಸಿಕೊಳ್ಳುವುದಾದರೆ ನಾವು ಕಲಿಯಬೇಕಾದದ್ದು ಹೂವನ್ನಲ್ಲ, ಎಲೆಯನ್ನು.

ಎಲೆ ಶುಂಠಿಯ ಎಲೆಯಂತೆ ನೀಳ, ತೊಟ್ಟಿಲ್ಲ, ಗೆರೆಗಳು ಉದ್ದುದ್ದ. ತುದಿಯನ್ನು ನೋಡಿ. ಅದು ಸಣ್ಣಗಾಗುತ್ತ ಹೋಗಿ ಕೊನೆಗೆ ಸುರುಳಿಯಾಗುತ್ತದೆ. ಸೌತೆ, ಹಾಗಲಗಳ ಕುಡಿಬಳ್ಳಿ ಗೆಣ್ಣಿನಿಂದ ಹೊರಡುತ್ತದೆ. ಗೌರಿ ಹೂವಿನಲ್ಲಿ ಎಲೆಯ ತುದಿಯೇ ಕೈಯಾಗಿ ಪಕ್ಕದ ಕಡ್ಡಿಯನ್ನು ಹಿಡಿಯುತ್ತದೆ. ಕಾಡುಗೆಣಸಿನ ಬಳ್ಳಿಗಳಿಗೆ ಇಂಥ ತುದಿಯಿಲ್ಲ. ಈ ಒಂದು ಗುರುತು ಗೊತ್ತಿದ್ದರೆ ಆಷಾಢದಲ್ಲೇ ಹೇಳಬಹುದು, ಇಲ್ಲಿ ಕತ್ತಿ ತಾಗಿಸಬೇಡಿ ಎಂದು.

ಈ ಗುರುತು ಜೀವ ಉಳಿಸುವಂಥದ್ದೂ ಹೌದು. ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಕಾರಣ ಅದರೊಳಗಿನ ಕಾಲ್ಚಿಸಿನ್. ಅದೇ ವಸ್ತುವನ್ನು ವೈದ್ಯರು ಗೌಟ್ ಎಂಬ ಕೀಲುಬೇನೆಗೆ ಅಳೆದು ಕೊಡುತ್ತಾರೆ, ತಳಿ ವಿಜ್ಞಾನಿಗಳು ಸಸ್ಯಕೋಶದ ವರ್ಣತಂತುಗಳನ್ನು ಇಮ್ಮಡಿಸಲು ಬಳಸುತ್ತಾರೆ. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಮನೆಮದ್ದಿಗೆ ಇದು ಖಂಡಿತ ಸಲ್ಲದು. ಮಕ್ಕಳು, ದನಕರುಗಳಿಗೆ ಎಟುಕುವ ಕಡೆ ಬೆಳೆಸಲೂಬಾರದು.

ಸಂಸ್ಕೃತದಲ್ಲಿ ಇದು ಲಾಂಗಲೀ, ಅಂದರೆ ನೇಗಿಲಿನದು. ಗೆಡ್ಡೆ ಅಗೆದು ನೋಡಿದವರಿಗೆ ಹೆಸರಿನ ಅರ್ಥ ತಿಳಿಯುತ್ತದೆ: ಎರಡು ತೋಳು ಕೂಡಿ ಬಾಗಿದ ಆಕಾರ. ಬರ ತಾಳುವ ಗುಟ್ಟೂ ಅಲ್ಲೇ ಇದೆ. ಮಳೆ ಹಿಂದಾದ ಮೇಲೆ ಬಳ್ಳಿ ಹಳದಿಯಾಗಿ ಒಣಗಿ ಬೀಳುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಕಲ್ಲಾದರೂ ಒಳಗೆ ಗೆಡ್ಡೆ ಮಲಗಿರುತ್ತದೆ. ಮುಂಗಾರಿನ ಮೊದಲ ಹದ ಮಳೆಗೆ ತೋಳಿನ ತುದಿಯಿಂದ ಚಿಗುರುತ್ತದೆ. ಹಳೆಯ ಗೆಡ್ಡೆ ತನ್ನನ್ನೇ ಸವೆಸಿಕೊಂಡು ಬಳ್ಳಿಯನ್ನು ಮೇಲೆತ್ತುತ್ತದೆ, ಬಳ್ಳಿ ಮರುವರ್ಷಕ್ಕೆ ಹೊಸ ಗೆಡ್ಡೆ ಕಟ್ಟುತ್ತದೆ. ಅರೆಮಲೆನಾಡಿನ ಹವೆಗೆ, ಅಂದರೆ ನಾಲ್ಕು ತಿಂಗಳು ಜಡಿಮಳೆ, ಆಮೇಲೆ ದೀರ್ಘ ಒಣಹವೆ, ಇದಕ್ಕಿಂತ ಒಪ್ಪುವ ಬದುಕು ನನಗೆ ಕಾಣದು.

ಬೆಳೆಸುವವರು ಕಾಡಿನ ಗೆಡ್ಡೆ ಕೀಳಬೇಡಿ. ಬೀಜ ಸಾಕು. ದೀಪಾವಳಿಯ ಆಚೀಚೆ ಕಾಯಿ ಮೂರು ಹೋಳಾಗಿ ಒಡೆದು ಕಿತ್ತಳೆಗೆಂಪು ಬೀಜ ತೋರಿಸುತ್ತದೆ. ಮೊಳಕೆ ಬರುವುದು ನಿಧಾನ, ಒಂದೊಂದು ಒಂದೊಂದು ಕಾಲಕ್ಕೆ. ಹೂ ಕಾಣಲು ಮೂರು ನಾಲ್ಕು ವರ್ಷ ಬೇಕು. ನರ್ಸರಿಯ ಗೆಡ್ಡೆ ಸಿಕ್ಕರೆ ತುದಿ ಮುರಿಯದಂತೆ ಹಿಡಿಯಿರಿ, ಏಕೆಂದರೆ ಕಣ್ಣಿರುವುದು ತುದಿಯಲ್ಲಿ ಮಾತ್ರ. ಮೇ ಕೊನೆಗೆ ನಾಲ್ಕು ಬೆರಳು ಆಳದಲ್ಲಿ ಅಡ್ಡಲಾಗಿ ಮಲಗಿಸಿ ನೆಡಿ. ನೀರು ನಿಂತರೆ ಕೊಳೆಯುತ್ತದೆ. ಹಬ್ಬಲು ಒಣ ಕೊಂಬೆಯೊಂದನ್ನು ಊರಿದರಾಯಿತು.

ತಮಿಳುನಾಡಿನಲ್ಲಿ ಇದು ರಾಜ್ಯದ ಹೂ, ಬೀಜಕ್ಕಾಗಿ ಹೊಲದಲ್ಲಿ ಬೆಳೆಯುವ ಬೆಳೆಯೂ ಹೌದು. ಹೂವಿನ ಶಲಾಕೆ ಬುಡದಲ್ಲೇ ಪಕ್ಕಕ್ಕೆ ಬಾಗಿ ಕೇಸರಗಳಿಂದ ದೂರ ಸರಿದಿರುತ್ತದೆ, ಹಾಗಾಗಿ ಅಲ್ಲಿನ ರೈತರು ಬೆಳಗ್ಗೆ ಹೊಲಕ್ಕಿಳಿದು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ನಮ್ಮ ಬೇಲಿಗಳಲ್ಲಿ ಆ ಕೆಲಸ ಚಿಟ್ಟೆಗಳದು, ಸೂರಕ್ಕಿಗಳದು. ಜಿಂಬಾಬ್ವೆಗೂ ಇದೇ ರಾಷ್ಟ್ರೀಯ ಹೂ. ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮರಳ ದಿಬ್ಬಗಳಲ್ಲಿ ಹಬ್ಬಿ ಕಳೆಯೆನಿಸಿದೆ. ಜಗತ್ತಿನ ಲೆಕ್ಕದಲ್ಲಿ ಇದು ಅಳಿಯುತ್ತಿರುವ ಗಿಡವೇನಲ್ಲ. ಆದರೆ ಜೀವಂತ ಬೇಲಿ ಹೋಗಿ ತಂತಿ ಬಂದಲ್ಲಿ, ಬದುವಿನವರೆಗೂ ಶುಂಠಿ, ಮೆಕ್ಕೆಜೋಳ ಒತ್ತಿದಲ್ಲಿ ಇದಕ್ಕೆ ಕಾಲೂರಲು ಜಾಗವಿಲ್ಲ. ಸೊರಬದ ಕಾನುಗಳ, ಅಂದರೆ ಅಲ್ಲಲ್ಲಿ ಉಳಿದ ದಟ್ಟ ಹಸಿರು ಕಾಡುಗಳ, ಬಗ್ಗೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದರು. ಬೇಲಿಯ ಬಗ್ಗೆ ಬರೆದವರು ಕಡಿಮೆ.

ಕುಂಡದಲ್ಲಿ ಬೆಳೆಸಿದವರಿಗೆ ಒಂದು ಮಾತು. ಬಳ್ಳಿ ಒಣಗಿದ ಮೇಲೆ ನೀರು ನಿಲ್ಲಿಸಿ, ಮಳೆ ಬೀಳದ ಮೂಲೆಗೆ ಸರಿಸಿ. ಮಣ್ಣಲ್ಲಿ ಗುರುತಿಗೊಂದು ಕಡ್ಡಿ ಚುಚ್ಚಿಡಿ. ಯುಗಾದಿಗೆ ಮನೆ ಸಾರಿಸುವಾಗ ಖಾಲಿ ಕುಂಡವೆಂದು ಯಾರಾದರೂ ಹಿತ್ತಲಿಗೆ ಸುರಿದುಬಿಟ್ಟಾರು.