ಅನಿಮೇಷನ್ ಪದವಿ: ಶುಲ್ಕ ಕಟ್ಟುವ ಮುನ್ನ ಪೋಷಕ ವ್ಯಾಪಾರಿಯು ನೋಡಬೇಕಾದ ಲೆಕ್ಕ

ಕಳೆದ ವರ್ಷ ಆಯುಧಪೂಜೆ ಮುಗಿದ ಮರುವಾರ, ಇಪ್ಪತ್ತು ವರ್ಷಗಳಿಂದ ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ಮಾಡಿಸುತ್ತಿರುವ ಸಗಟು ವ್ಯಾಪಾರಿಯೊಬ್ಬರು ಜಿಎಸ್‌ಟಿ ಕಡತದೊಂದಿಗೆ ಬಣ್ಣದ ಪುಸ್ತಿಕೆಯೊಂದನ್ನೂ ತಂದು ಮೇಜಿನ ಮೇಲಿಟ್ಟರು. ಅವರದು ಪೈಪು ಮತ್ತು ನಲ್ಲಿ ಸಾಮಾನುಗಳ ವ್ಯಾಪಾರ. ಒಬ್ಬಳೇ ಮಗಳು, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ. ಆಕೆ ಸಿ.ಎ. ಓದಿ ನಮ್ಮ ಕಚೇರಿಯಲ್ಲಿಯೇ ತರಬೇತಿಗೆ ಸೇರುವಳೆಂದು ಅವರೂ ನಾನೂ ಎಣಿಸಿದ್ದೆವು. ಅವಳು ಆರಿಸಿಕೊಂಡದ್ದು ಅನಿಮೇಷನ್. ಪುಸ್ತಿಕೆಯಲ್ಲಿ ಮೂರು ವರ್ಷಗಳ ಶುಲ್ಕ ರೂ. 9,60,000 ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದೂ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ನೂರಕ್ಕೆ ನೂರು ಉದ್ಯೋಗ’ ಎಂದೂ ಇತ್ತು.

“ಠೇವಣಿ ಮುರಿಸಬೇಕು ಸಾರ್. ಇದು ಓದೋ, ಆಟವೋ, ನೀವೇ ಹೇಳಿ” ಎಂದರು.

ಕೂಡಲೇ ಉತ್ತರಿಸಲು ನನಗೆ ಮನಸ್ಸಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಕಕ್ಷಿದಾರರು, ಅಡಿಕೆ ದಲ್ಲಾಳಿ, ಇಂಥದೇ ಪುಸ್ತಿಕೆಯನ್ನು ನಂಬಿ ಮಗನನ್ನು ಸೇರಿಸಿದ್ದರು. ಹುಡುಗ ಮೂರು ವರ್ಷ ಶ್ರದ್ಧೆಯಿಂದಲೇ ಓದಿದ. ಕೈಗೆ ಬಂದ ಪದವಿಯು ಬೇರೊಂದು ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ್ದು. ಅವನು ಆ ಊರನ್ನು ಕಂಡವನೇ ಅಲ್ಲ. ಮುಂದೆ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದಾಗ ಆ ಪದವಿ ಸಲ್ಲದೆಂದು ತಿಳಿಯಿತು. ಆಗ ತಂದೆ ನನ್ನನ್ನು ಕೇಳಿದ್ದು ಒಂದೇ ಮಾತು: “ಮೊದಲೇ ಯಾಕೆ ಹೇಳಲಿಲ್ಲ?” ಮೊದಲು ಅವರು ಕೇಳಿರಲಿಲ್ಲ, ಆ ಮಾತು ಬೇರೆ. ಆದರೂ ಆ ಪ್ರಶ್ನೆ ನನ್ನಲ್ಲಿ ಉಳಿದಿದೆ. ಈ ಲೇಖನಕ್ಕೆ ಅದೇ ಕಾರಣ.

ಈ ಉದ್ಯಮದಲ್ಲಿ ತಯಾರಾಗುವುದೇನು?

ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಕಣ್ಣ ಮುಂದೆ ಸರಿಯುತ್ತವೆ. ಹನ್ನೊಂದು ನಿಮಿಷದ ಒಂದು ಮಕ್ಕಳ ಕಂತಿಗೆ 15,840 ಚೌಕಟ್ಟುಗಳು; ತೊಂಬತ್ತು ನಿಮಿಷದ ಚಿತ್ರಕ್ಕೆ 1,29,600. ಕೈಯಿಂದ ಬರೆಯುವಾಗ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿ ಕೆಲಸವನ್ನು ಅರ್ಧಕ್ಕಿಳಿಸುವ ರೂಢಿಯುಂಟು. ಗಣಕಯಂತ್ರ ಬಂದ ಮೇಲೆ ಪ್ರತಿ ಚಿತ್ರವನ್ನೂ ಬರೆಯಬೇಕಾಗಿಲ್ಲವಾದರೂ ಪಾತ್ರದ ಆಕೃತಿ ಕಟ್ಟುವವರು, ಅದರೊಳಗೆ ಮೂಳೆ ಕೀಲುಗಳಂಥ ಚೌಕಟ್ಟು ಕೂಡಿಸುವವರು, ಚಲನೆ ಕೊಡುವವರು, ಬೆಳಕು ಹಾಕುವವರು, ಕೊನೆಗೆ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸುವವರು ಎಂದು ಕೆಲಸ ಹಂಚಿಹೋಗಿದೆ. ದೊಡ್ಡ ಚಿತ್ರಗಳಲ್ಲಿ ಒಬ್ಬ ನುರಿತ ಕಲಾವಿದ ಒಂದು ವಾರದಲ್ಲಿ ಮುಗಿಸುವುದು ಕೆಲವೇ ಸೆಕೆಂಡುಗಳ ಅಭಿನಯವನ್ನು. ಆದ್ದರಿಂದ ಇದು ಹೆಚ್ಚು ಮನುಷ್ಯಶ್ರಮವನ್ನು ಬೇಡುವ ತಯಾರಿಕೆ. ಶ್ರಮದ ದರ ಎಲ್ಲಿ ಕಡಿಮೆಯೋ ಅಲ್ಲಿಗೆ ಕೆಲಸ ಹರಿದುಬರುವುದು ಸಹಜ. ಬೆಂಗಳೂರು, ಹೈದರಾಬಾದು, ಮುಂಬಯಿ, ತಿರುವನಂತಪುರಗಳಿಗೆ ಅಮೆರಿಕ ಹಾಗೂ ಯುರೋಪಿನ ಕೆಲಸ ಬಂದದ್ದು ಹೀಗೆಯೇ.

ನಮ್ಮ ಸದಸ್ಯರಲ್ಲಿ ಅನೇಕರಿಗೆ ಜಾಬ್‌ವರ್ಕಿನ ಪರಿಚಯ ಚೆನ್ನಾಗಿಯೇ ಇದೆ. ನೂಲು ಸಾಹುಕಾರನದು, ವಿನ್ಯಾಸ ಸಾಹುಕಾರನದು, ಸೀರೆಯ ಮೇಲಿನ ಮುದ್ರೆಯೂ ಸಾಹುಕಾರನದು; ಮಗ್ಗದವನಿಗೆ ದಕ್ಕುವುದು ಕೂಲಿ ಮಾತ್ರ. ಭಾರತದ ಅನಿಮೇಷನ್ ಮತ್ತು ದೃಶ್ಯ ಪರಿಣಾಮ ಸಂಸ್ಥೆಗಳ ಬಹುಪಾಲು ವಹಿವಾಟು ಈ ಬಗೆಯದು. ಕೂಲಿ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದರ ಅಪಾಯ ಬೇರೆಯಾದುದು, ಅಷ್ಟೇ.

2013ರ ಫೆಬ್ರವರಿಯಲ್ಲಿ ನಡೆದುದನ್ನು ನೋಡಿ. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಗಣಕದಲ್ಲಿ ಸೃಷ್ಟಿಸಿದ ಅಮೆರಿಕದ ರಿದಂ ಅಂಡ್ ಹ್ಯೂಸ್ ಸಂಸ್ಥೆಗೆ ಮುಂಬಯಿ, ಹೈದರಾಬಾದುಗಳಲ್ಲಿಯೂ ಶಾಖೆಗಳಿದ್ದವು. ಆ ತಿಂಗಳ ಮಧ್ಯದಲ್ಲಿ ಅದು ದಿವಾಳಿ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಯಿತು. 24ರಂದು ಅದೇ ಚಿತ್ರಕ್ಕೆ ದೃಶ್ಯ ಪರಿಣಾಮದ ಆಸ್ಕರ್ ಬಂದಿತು. ನಿಗದಿತ ದರಕ್ಕೆ ಕೆಲಸ ಒಪ್ಪಿಕೊಳ್ಳುವುದು, ಅನಂತರ ಕೆಲಸ ಕೊಟ್ಟವರು ಕೇಳಿದ ತಿದ್ದುಪಡಿಗಳನ್ನೆಲ್ಲ ಅದೇ ದರದಲ್ಲಿ ಮಾಡಿಕೊಡುವುದು, ಒಂದು ಚಿತ್ರ ಮುಂದೆ ಹೋದರೆ ಕುಳಿತ ಕೆಲಸಗಾರರ ಸಂಬಳವನ್ನು ಕೈಯಿಂದ ಹೊರುವುದು: ಈ ಕಾಯಿಲೆಯನ್ನು ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಯಾರೂ ಹೊಸದಾಗಿ ವಿವರಿಸಬೇಕಾಗಿಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಸಾವಿರಾರು ಜನರ ಕೆಲಸಕ್ಕೆ ಪೆಟ್ಟು ಬಿದ್ದಿತು. ಇವರಲ್ಲಿ ಕೌಶಲದ ಕೊರತೆಯಿದ್ದವರು ಎಷ್ಟು ಮಂದಿ ಇದ್ದಿರಬಹುದು?

ಈಗ ಇದಕ್ಕೆ ಕೃತಕ ಬುದ್ಧಿಮತ್ತೆಯೂ ಸೇರಿದೆ. ಆಕೃತಿಯ ಅಂಚನ್ನು ಪ್ರತಿ ಚೌಕಟ್ಟಿನಲ್ಲಿಯೂ ಗುರುತಿಸಿ ಹಿನ್ನೆಲೆಯಿಂದ ಬೇರ್ಪಡಿಸುವುದು, ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುವುದು, ಗೆರೆ ಶುಚಿಗೊಳಿಸುವುದು ಮುಂತಾದವು ಹೊಸಬರಿಗೆ ಮೊದಲ ಮೆಟ್ಟಿಲಾಗಿದ್ದ ಕೆಲಸಗಳು. ಯಂತ್ರವು ಮೊದಲು ಕೈಹಾಕುತ್ತಿರುವುದೂ ಇವುಗಳಿಗೇ. ಕೇವಲ ಒಂದೆರಡು ತಂತ್ರಾಂಶಗಳ ಗುಂಡಿ ಒತ್ತುವುದನ್ನು ಕಲಿಸುವ ಕೋರ್ಸಿಗೆ ಒಂಬತ್ತು ಲಕ್ಷ ಕೊಡುವುದು, ಹಳೆಯದಾಗಲಿರುವ ಯಂತ್ರಕ್ಕೆ ಹೊಸದರ ಬೆಲೆ ತೆರುವಂತೆ. ಚಿತ್ರರಚನೆ, ಅಂಗರಚನೆ, ಅಭಿನಯ, ಕಥೆಯನ್ನು ದೃಶ್ಯವಾಗಿ ಒಡೆಯುವ ವಿದ್ಯೆ ಇವು ಅಷ್ಟು ಬೇಗ ಸವೆಯುವುದಿಲ್ಲ. ವಿಶ್ವವಿದ್ಯಾಲಯದ ಮೂರು ನಾಲ್ಕು ವರ್ಷಗಳಿಗೆ ಅರ್ಥವಿರುವುದು ಇವನ್ನು ಕಲಿಸಿದರೆ ಮಾತ್ರ.

ಮೊಲ ಕಳೆದುಕೊಂಡವನ ಕಥೆ

ವಾಲ್ಟ್ ಡಿಸ್ನಿಯ ಹೆಸರು ಎಲ್ಲರಿಗೂ ಗೊತ್ತು. ಮಿಕ್ಕಿ ಇಲಿಗೆ ಮೊದಲು ಆತನದು ಆಸ್ವಾಲ್ಡ್ ಎಂಬ ಮೊಲವಿತ್ತೆಂಬುದು ಅಷ್ಟಾಗಿ ಗೊತ್ತಿಲ್ಲ. 1927ರಲ್ಲಿ ಆರಂಭವಾದ ಆ ಚಿತ್ರಮಾಲೆ ಚೆನ್ನಾಗಿ ಓಡಿತು. 1928ರ ಆರಂಭದಲ್ಲಿ ಪ್ರತಿ ಚಿತ್ರಕ್ಕೆ ಸ್ವಲ್ಪ ಹೆಚ್ಚು ಹಣ ಕೇಳಲು ಡಿಸ್ನಿ ನ್ಯೂಯಾರ್ಕಿಗೆ ಹೋದರೆ, ವಿತರಕನಾದ ಚಾರ್ಲ್ಸ್ ಮಿಂಟ್ಜ್ ದರ ಇಳಿಸುವೆನೆಂದ. ಡಿಸ್ನಿಯ ಬಹುತೇಕ ಕಲಾವಿದರನ್ನು ಆತ ಆಗಲೇ ತನ್ನ ಕಡೆ ಸೇರಿಸಿಕೊಂಡಿದ್ದ. ಒಪ್ಪಂದ ತೆಗೆದು ನೋಡಿದರೆ ಮೊಲದ ಹಕ್ಕು ಯೂನಿವರ್ಸಲ್ ಸಂಸ್ಥೆಯದು. ಅದೇ ವರ್ಷದ ನವೆಂಬರಿನಲ್ಲಿ ತೆರೆಗೆ ಬಂದ ಇಲಿಯ ಹಕ್ಕನ್ನು ಡಿಸ್ನಿ ಯಾರಿಗೂ ಬಿಟ್ಟುಕೊಡಲಿಲ್ಲ. ಆಸ್ವಾಲ್ಡ್ ಆ ಮನೆಗೆ ಮರಳಿದ್ದು 2006ರಲ್ಲಿ. ಪ್ರತಿಯಾಗಿ ಒಬ್ಬ ಕ್ರೀಡಾ ವೀಕ್ಷಕ ವಿವರಣೆಗಾರನನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟರಂತೆ. ವಿನಿಮಯ ವ್ಯಾಪಾರ ಇನ್ನೂ ಸತ್ತಿಲ್ಲ!

ನಮ್ಮ ಹತ್ತಿರದ ಉದಾಹರಣೆ ‘ಛೋಟಾ ಭೀಮ್’. 2001ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಗ್ರೀನ್ ಗೋಲ್ಡ್ ಸಂಸ್ಥೆಯ ಈ ಪಾತ್ರ 2008ರಿಂದ ದೂರದರ್ಶಕಗಳಲ್ಲಿ ಬರುತ್ತಿದೆ. ಶಾಲಾಚೀಲ, ನೀರಿನ ಬಾಟಲಿಗಳ ಮೇಲೆ ಅದನ್ನು ಮಾರಿದ ಸದಸ್ಯರು ನಮ್ಮಲ್ಲಿಯೂ ಇದ್ದಾರೆ. ಬಾಟಲಿಯ ಲಾಭ ಒಮ್ಮೆ ಬರುತ್ತದೆ. ಪಾತ್ರದ ರಾಯಧನ ಪ್ರತಿ ಬಾಟಲಿಗೂ ಬರುತ್ತದೆ. 2025ರಲ್ಲಿ ನಮ್ಮ ರಾಜ್ಯದ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಮುನ್ನೂರು ಕೋಟಿ ದಾಟಿತೆಂದು ವರದಿಯಾದ ಮೇಲೆ, ಸ್ವಂತ ಕಥೆಗೂ ಮಾರುಕಟ್ಟೆಯಿದೆಯೆಂದು ಹಣ ಹೂಡುವವರಿಗೆ ನಂಬಿಕೆ ಬಂದಂತಿದೆ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಹೇಳಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯಲ್ಲಿದ್ದು ರಚಿಸಿದ ಕೃತಿಯು, ಬೇರೆ ಕರಾರಿಲ್ಲದಿದ್ದರೆ, ಮಾಲೀಕನದು. ಸ್ವತಂತ್ರವಾಗಿ ದುಡಿಯುವವನು ಹಕ್ಕನ್ನು ವರ್ಗಾಯಿಸುವುದಾದರೆ ಬರಹದಲ್ಲಿ ವರ್ಗಾಯಿಸಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ ಕಾಯ್ದೆ ಭಾವಿಸುತ್ತದೆ. ತಮ್ಮ ಉತ್ಪನ್ನಕ್ಕೆ ಗೊಂಬೆಚಿತ್ರವನ್ನು ಬರೆಸುವ ತಯಾರಕರೂ ಇದನ್ನು ನೆನಪಿಡುವುದು ಒಳ್ಳೆಯದು. ಮಗಳನ್ನು ಸೇರಿಸುವ ಕಾಲೇಜಿನಲ್ಲಿ ಈ ವಿಷಯವನ್ನು ಒಂದು ಪಾಠವಾಗಿಯಾದರೂ ಬೋಧಿಸುತ್ತಾರೆಯೇ ಎಂದು ಕೇಳಿ.

ಪದವಿ ಯಾರದು, ರಸೀದಿ ಯಾರದು?

ಭಾರತದಲ್ಲಿ ಪದವಿ ನೀಡುವ ಅಧಿಕಾರ ಕಾಯ್ದೆಯನ್ವಯ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ ಹಾಗೂ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಇದೆ. 1956ರ ಯುಜಿಸಿ ಕಾಯ್ದೆಯ 22ನೆಯ ಪ್ರಕರಣ ಇದನ್ನು ಹೇಳುತ್ತದೆ. ಒಂದು ರಾಜ್ಯದ ಖಾಸಗಿ ವಿಶ್ವವಿದ್ಯಾಲಯ ಇನ್ನೊಂದು ರಾಜ್ಯದ ಮಹಡಿಯ ಮೇಲಿನ ತರಬೇತಿ ಕೇಂದ್ರಕ್ಕೆ ಏಜೆನ್ಸಿ ಕೊಟ್ಟಂತೆ ಪದವಿ ಕೊಡಲಾಗದೆಂದು ಯುಜಿಸಿ ಅನೇಕ ಬಾರಿ ಪ್ರಕಟಿಸಿದೆ. ಅಡಿಕೆ ದಲ್ಲಾಳಿಯವರ ಮಗ ಸಿಕ್ಕಿಬಿದ್ದದ್ದು ಇಲ್ಲಿಯೇ.

ಇದನ್ನು ಪತ್ತೆಹಚ್ಚಲು ವ್ಯಾಪಾರಿಗೆ ಸುಲಭವಾದ ದಾರಿಯೊಂದಿದೆ: ರಸೀದಿಯನ್ನು ನೋಡುವುದು. ಕಾನೂನು ಮಾನ್ಯಮಾಡಿದ ಪದವಿಯ ಪಠ್ಯಕ್ರಮದ ಭಾಗವಾಗಿ ಶಿಕ್ಷಣ ಸಂಸ್ಥೆ ವಿದ್ಯಾರ್ಥಿಗೆ ನೀಡುವ ಬೋಧನೆಗೆ ಜಿಎಸ್‌ಟಿ ವಿನಾಯಿತಿಯಿದೆ. ಖಾಸಗಿ ತರಬೇತಿ ಕೇಂದ್ರದ ಪ್ರಮಾಣಪತ್ರಕ್ಕೆ ಶೇ. 18 ತೆರಿಗೆ. ನಮ್ಮ ಪೈಪು ವ್ಯಾಪಾರಿಗಳ ಪುಸ್ತಿಕೆಯಲ್ಲಿದ್ದ ‘ತೆರಿಗೆ ಪ್ರತ್ಯೇಕ’ ಎಂಬ ಎರಡು ಪದಗಳ ಬೆಲೆ ರೂ. 1,72,800. ಅಷ್ಟೇ ಅಲ್ಲ, ಕೊಡುತ್ತಿರುವುದು ಪದವಿ ಶಿಕ್ಷಣವಲ್ಲ ಎಂದು ಆ ಕೇಂದ್ರವು ತಾನೇ ಒಪ್ಪಿಕೊಂಡಂತಾಯಿತು. ಆ ತೆರಿಗೆಯನ್ನು ಅಂಗಡಿಯ ಹೂಡುವಳಿ ತೆರಿಗೆ ಜಮೆಗೆ ತೆಗೆದುಕೊಳ್ಳಬಹುದೇ ಎಂದು ಅವರು ಕೇಳಿದರು. ವ್ಯಾಪಾರಕ್ಕೆ ಸಂಬಂಧವಿಲ್ಲದ್ದರಿಂದ ಸಾಧ್ಯವಿಲ್ಲ.

ಈಗಾಗಲೇ ಚಿತ್ರ ಬರೆಯಬಲ್ಲವರಿಗೆ ಅಲ್ಪಾವಧಿಯ ಪ್ರಮಾಣಪತ್ರ ಉಪಯುಕ್ತವೇ. ಅದನ್ನು ಪದವಿಯೆಂದು ಮಾರಬಾರದು, ಪದವಿಯ ಬೆಲೆಗೂ ಮಾರಬಾರದು.

ಪದವಿಯೇ ಬೇಕೆಂದರೆ ಬಿ.ಡಿಸ್., ಬಿ.ವಿ.ಎ., ಬಿ.ಎಸ್ಸಿ. ಮುಂತಾದ ಹೆಸರುಗಳಲ್ಲಿ ಅವಕಾಶಗಳಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅನಿಮೇಷನ್ ಚಿತ್ರ ವಿನ್ಯಾಸವೆಂಬ ವಿಭಾಗವೇ ಇದೆ. ಐಐಟಿ ಮುಂಬಯಿ ನಡೆಸುವ ಯುಸೀಡ್ ಪರೀಕ್ಷೆಯನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೂ ಬರೆಯಬಹುದು. ಕರ್ನಾಟಕ ಸರ್ಕಾರ 2012ರಲ್ಲಿಯೇ ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ಈಗಿನದು 2024-29ರ ಅವಧಿಯದು. ಸರ್ಕಾರದ ನೀತಿಯಿಂದ ಸ್ಟುಡಿಯೋಗಳು ಬರಬಹುದು, ಆದರೆ ಅದನ್ನು ತೋರಿಸಿ ಉದ್ಯೋಗದ ಭರವಸೆ ಕೊಡುವ ಪುಸ್ತಿಕೆಯನ್ನು ನಂಬಬೇಕಾಗಿಲ್ಲ.

ಹಣದ ವಿಷಯ. ಮಾನ್ಯ ಪದವಿಗೆ ಬ್ಯಾಂಕುಗಳ ಶಿಕ್ಷಣ ಸಾಲ ದೊರೆಯುತ್ತದೆ. ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿಯ ಆಧಾರ ಕೇಳುವುದಿಲ್ಲ, ಓದು ಮುಗಿದು ಒಂದು ವರ್ಷದ ತನಕ ಕಂತು ಇರುವುದಿಲ್ಲ. ಬಡ್ಡಿಗೆ ನಾವು 80ಇ ಎಂದು ಕರೆದು ರೂಢಿಯಾದ ಕಡಿತವು ಬಡ್ಡಿ ಕಟ್ಟಲಾರಂಭಿಸಿದ ವರ್ಷದಿಂದ ಒಟ್ಟು ಎಂಟು ವರ್ಷ ಸಿಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಇದನ್ನು ಉಳಿಸಿದ್ದಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಎಂಬುದನ್ನು ಮರೆಯಬಾರದು. ಅಸಲಿಗೆ ಕಡಿತವಿಲ್ಲ. ಭಾವಮೈದುನನಿಂದ ತಂದ ಸಾಲಕ್ಕೂ ಅಂಗಡಿಯ ಓವರ್‌ಡ್ರಾಫ್ಟಿನಿಂದ ತೆಗೆದ ಹಣಕ್ಕೂ ಇದು ಅನ್ವಯಿಸದು.

ನಮ್ಮ ಕಕ್ಷಿದಾರರ ತಮ್ಮ, ಪಾಲುದಾರರು, ಒಂದು ಸಲಹೆ ಕೊಟ್ಟಿದ್ದರು: ಶುಲ್ಕವನ್ನು ಸಂಸ್ಥೆಯ ಲೆಕ್ಕದಲ್ಲಿ ‘ಸಿಬ್ಬಂದಿ ತರಬೇತಿ’ ಎಂದು ಬರೆದರಾಯಿತು! ಪಾಲುದಾರರ, ನಿರ್ದೇಶಕರ ಮಕ್ಕಳ ಓದಿನ ವೆಚ್ಚವನ್ನು ವ್ಯಾಪಾರದ ವೆಚ್ಚವೆಂದು ತೋರಿಸಿ ಉಚ್ಚ ನ್ಯಾಯಾಲಯಗಳಲ್ಲಿ ಸೋತವರಿದ್ದಾರೆ. ಪೈಪಿನ ಅಂಗಡಿಗೆ ಅನಿಮೇಷನ್ ತರಬೇತಿ ಏಕೆ ಬೇಕಾಯಿತೆಂದು ಅಧಿಕಾರಿ ಕೇಳಿದರೆ ನಾನು ಏನೆಂದು ಉತ್ತರಿಸಲಿ?

ಲೆಕ್ಕವೆಲ್ಲ ಮುಗಿದ ಮೇಲೆ ಹುಡುಗಿಯನ್ನೇ ಕರೆತರುವಂತೆ ಹೇಳಿದೆ. ಈ ಉದ್ಯಮದಲ್ಲಿ ಕೆಲಸ ಕೊಡುವವರು ಮೊದಲು ನೋಡುವುದು ಅಭ್ಯರ್ಥಿಯ ಶೋರೀಲ್, ಅಂದರೆ ಆತನೇ ಮಾಡಿದ ಒಂದೆರಡು ನಿಮಿಷದ ಕೆಲಸ, ಅಂಕಪಟ್ಟಿ ಆಮೇಲೆ. ಆದ್ದರಿಂದ ಅವಳ ಚಿತ್ರದ ಪುಸ್ತಕವನ್ನು ನೋಡಬೇಕೆಂದೆ. ತಂದೆಯ ಗೋದಾಮಿನಲ್ಲಿ ಹಮಾಲನೊಬ್ಬ ಪೈಪಿನ ಕಟ್ಟನ್ನು ಹೆಗಲಿಗೇರಿಸುವುದನ್ನು ಹದಿನಾರು ಚಿತ್ರಗಳಲ್ಲಿ ಬರೆದಿದ್ದಳು. ನನಗೆ ಚಿತ್ರಕಲೆ ತಿಳಿಯದು. ಆದರೆ ಐದನೆಯ ಚಿತ್ರದಲ್ಲಿ ಮೊಣಕಾಲು ಬಗ್ಗಿದ ರೀತಿ, ಒಂಬತ್ತನೆಯದರಲ್ಲಿ ಭಾರಕ್ಕೆ ಕುತ್ತಿಗೆ ಓರೆಯಾದ ರೀತಿ ಕಂಡು ಆ ಹಮಾಲ ಯಾರೆಂಬುದು ನನಗೆ ಗೊತ್ತಾಯಿತು. ತಂದೆ ಆ ಪುಸ್ತಕವನ್ನು ಅಂದೇ ಮೊದಲ ಬಾರಿಗೆ ನೋಡಿದರು.

ಪುಸ್ತಿಕೆಯ ಕೇಂದ್ರವನ್ನು ಕೈಬಿಟ್ಟರು. ಆಕೆ ಎರಡು ಪ್ರವೇಶ ಪರೀಕ್ಷೆಗಳನ್ನು ಬರೆದಳು, ಒಂದರಲ್ಲಿ ಆಗಲಿಲ್ಲ. ಇನ್ನೊಂದರಿಂದ ಬೆಂಗಳೂರಿನ ಕಾಲೇಜೊಂದರ ನಾಲ್ಕು ವರ್ಷದ ಬಿ.ಡಿಸ್. ಪದವಿಗೆ ಕರೆ ಬಂದಿದೆ. ಸೇರುವ ಮುನ್ನ ತಂದೆ ಮಗಳಿಬ್ಬರೂ ಹೋಗಿ ಎರಡನೆಯ ವರ್ಷದ ವಿದ್ಯಾರ್ಥಿಗಳ ಕೆಲಸವನ್ನು ನೋಡಿ, ಪಾಠ ಹೇಳುವವರಲ್ಲಿ ಸ್ಟುಡಿಯೋದಲ್ಲಿ ದುಡಿದವರು ಎಷ್ಟು ಮಂದಿಯೆಂದು ವಿಚಾರಿಸಿ ಬಂದರು. ಸಾಲದ ಅರ್ಜಿ ಬ್ಯಾಂಕಿನಲ್ಲಿದೆ. ಠೇವಣಿಯನ್ನು ಮುರಿಸಿಲ್ಲ.