ಎಂಜಿನಿಗೆ ಯಾವ ಎಣ್ಣೆ?

ಕಾರಿನ ಎಣ್ಣೆ ಬದಲಿಸುವ ಹೊತ್ತಿನಲ್ಲಿ ಮಾಲೀಕನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಸಾಮಾನ್ಯ ಖನಿಜ ತೈಲ ಸಾಕೆ, ಹೆಚ್ಚು ಬೆಲೆಯ ಸಂಶ್ಲೇಷಿತ ತೈಲ, ಅಂದರೆ ಸಿಂಥೆಟಿಕ್ ಆಯಿಲ್, ಬೇಕೆ? ಅಂಗಡಿಯವನು ಜೊತೆಗೆ ನೀಡುವ ‘ಅಡಿಟಿವ್’ ಸೀಸೆಯನ್ನೂ ಸುರಿಯಬೇಕೆ? ಮೊದಲನೆಯದಕ್ಕೆ ‘ಕಾರನ್ನು ನೋಡಿ ಹೇಳಬೇಕು’ ಎಂದೂ ಎರಡನೆಯದಕ್ಕೆ ‘ಬೇಡ’ ಎಂದೂ ನನ್ನ ಉತ್ತರ.

‘ಎಳ್’ ಮತ್ತು ‘ನೆಯ್’ ಕೂಡಿ ‘ಎಣ್ಣೆ’ಯಾಯಿತು, ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಬಂದುದು. ಎಳ್ಳಿನ ಈ ಹೆಸರನ್ನು ನೆಲದಾಳದ ದ್ರವಕ್ಕೂ ನಾವು ಧಾರಾಳವಾಗಿ ಕೊಟ್ಟಿದ್ದೇವೆ. ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದ ಕಾಲದಲ್ಲಿ ಕೀಲೆಣ್ಣೆಯ ಕೆಲಸ ಉಜ್ಜಾಟವನ್ನು ತಗ್ಗಿಸುವುದಷ್ಟೆ. ಎಂಜಿನ್ನಿನಲ್ಲಾದರೋ ಅದು ಲೋಹಗಳ ನಡುವೆ ತೆಳುಪೊರೆಯಾಗಿ ನಿಲ್ಲಬೇಕು, ಶಾಖವನ್ನು ಹೊತ್ತೊಯ್ಯಬೇಕು, ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡಿರಬೇಕು, ಇಂಧನ ಉರಿದಾಗ ಹುಟ್ಟುವ ಆಮ್ಲಗಳನ್ನು ಶಮನಗೊಳಿಸಬೇಕು.

ಕಚ್ಚಾ ತೈಲವನ್ನು ಬಟ್ಟಿಯಿಳಿಸಿ ಪಡೆದ ಖನಿಜ ತೈಲದ ಅಣುಗಳು ಜಾತ್ರೆಯ ಜನದಂತೆ ಬಗೆಬಗೆಯವು. ಅದರಲ್ಲಿ ಉಳಿದ ಮೇಣದ ಅಂಶ ಚಳಿಗೆ ಗಟ್ಟಿಯಾಗುತ್ತದೆ. ಹಗುರ ಅಣುಗಳು ಕಾವಿಗೆ ಆವಿಯಾಗುತ್ತವೆ. ಸಂಶ್ಲೇಷಿತ ತೈಲಗಳಲ್ಲಿ ಮುಖ್ಯವಾದ ಪಾಲಿ-ಆಲ್ಫಾ-ಓಲಿಫಿನ್ ಅನ್ನು ಎಥಿಲೀನ್ ಅನಿಲದಿಂದ ಹಂತಹಂತವಾಗಿ ಕಟ್ಟುತ್ತಾರೆ. ಅದರ ಅಣುಗಳು ಹೆಚ್ಚುಕಡಿಮೆ ಒಂದೇ ಎರಕದವು. ಆದ್ದರಿಂದ ಅದು ಕೊರೆಯುವ ಚಳಿಯಲ್ಲೂ ಹರಿಯುತ್ತದೆ, ಕಾವಿನಲ್ಲಿ ತೀರ ತೆಳುವಾಗದು, ಬೇಗ ಜಿಗಟಾಗದು. ಕಚ್ಚಾ ತೈಲದ ಅಭಾವವಿದ್ದ ಜರ್ಮನಿ ಎರಡನೆಯ ಮಹಾಯುದ್ಧದಲ್ಲಿ ಇಂಥ ತೈಲಗಳನ್ನು ತಯಾರಿಸಿತು. ಬಳಿಕ ಜೆಟ್ ವಿಮಾನಗಳು ಎಸ್ಟರ್ ತೈಲಗಳನ್ನು ಅವಲಂಬಿಸಿದವು. ಕಾರುಗಳಿಗೆಂದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಮಾನಕ ಮುಟ್ಟಿದ ಮೊದಲ ಸಂಶ್ಲೇಷಿತ ತೈಲ 1972ರ ಆಮ್ಸಾಯಿಲ್.

ಆದರೆ ಆ ಹೆಸರು ಮೊದಲಿನಂತೆ ಉಳಿಯಲಿಲ್ಲ. ಕಚ್ಚಾ ತೈಲದಿಂದ ಬಂದುದನ್ನೇ ಜಲಜನಕದೊಡನೆ ತೀವ್ರವಾಗಿ ಸಂಸ್ಕರಿಸಿ ‘ಸಿಂಥೆಟಿಕ್’ ಎಂದು ಮಾರಬಹುದೆ ಎಂದು ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ವಿರುದ್ಧ ತಕರಾರು ತೆಗೆಯಿತು. ಅಮೆರಿಕದ ಜಾಹೀರಾತು ಪರಿಶೀಲನಾ ವಿಭಾಗ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ತೀರ್ಪಿತ್ತಿತು. ಹೀಗಾಗಿ ಡಬ್ಬಿಯ ಮೇಲಿನ ಆ ಒಂದು ಪದವನ್ನು ನಂಬಿ ಕೊಳ್ಳುವುದಕ್ಕಿಂತ, ಅಲ್ಲಿರುವ ದರ್ಜೆಯನ್ನು ಕಾರಿನ ಕೈಪಿಡಿಯೊಡನೆ ಹೋಲಿಸುವುದು ಮೇಲು. ‘5ಡಬ್ಲ್ಯೂ-30’ ಎಂಬಲ್ಲಿ ಡಬ್ಲ್ಯೂ ಎಂದರೆ ತೂಕವಲ್ಲ, ಚಳಿಗಾಲ: ಮೊದಲ ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಎರಡನೆಯದು ಎಂಜಿನ್ ಕಾದಾಗಿನ ಸ್ನಿಗ್ಧತೆ. ಹಳೆಯ ಅಂಬಾಸಡರ್ ಕಾರಿಗೆ 20ಡಬ್ಲ್ಯೂ-40 ಖನಿಜ ತೈಲವೇ ಸಾಕು. ಹೊಸ ಕಾರಿನ ಕೈಪಿಡಿ 0ಡಬ್ಲ್ಯೂ-20 ಎಂದರೆ ಸಿಂಥೆಟಿಕ್ ಅನಿವಾರ್ಯ, ಏಕೆಂದರೆ ಸಾಧಾರಣ ಖನಿಜ ತೈಲದಿಂದ ಅಷ್ಟು ತೆಳುವಾದ, ಆದರೂ ಕಾವಿಗೆ ಆವಿಯಾಗದ ಎಣ್ಣೆ ಮಾಡಲಾಗದು. ಟರ್ಬೊ ಇರುವ ಎಂಜಿನ್ನಿಗೂ ಅದೇ ಲೇಸು.

ಇನ್ನು ಆ ಸೀಸೆ. ಡಬ್ಬಿಯ ಎಣ್ಣೆಯಲ್ಲಿ ಮಸಿ ತೊಳೆಯುವ, ತುಕ್ಕು ತಡೆಯುವ, ನೊರೆ ಅಡಗಿಸುವ ದ್ರವ್ಯಗಳು ತಯಾರಕರು ಅಳೆದು ಬೆರೆಸಿದ ಪ್ರಮಾಣದಲ್ಲಿ ಮೊದಲೇ ಇರುತ್ತವೆ. ಸವೆತವನ್ನು ತಡೆಯುವ ಸತು-ರಂಜಕ ಸಂಯುಕ್ತ ಲೋಹದ ಮೇಲೆ ಪೊರೆ ಕಟ್ಟುತ್ತದೆ. ಮೇಲಿಂದ ಸುರಿದ ದ್ರವ್ಯ ಅದೇ ಜಾಗಕ್ಕಾಗಿ ಅದರೊಡನೆ ಪೈಪೋಟಿ ನಡೆಸಬಹುದು. ರಂಜಕ ಹೆಚ್ಚಾದರೆ ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ಆ ಕಾರಣಕ್ಕೇ 2004ರ ಜಿಎಫ್-4 ಮಾನಕದಲ್ಲಿ ಅದರ ಗರಿಷ್ಠ ಮಿತಿಯನ್ನು ಶೇಕಡಾ 0.08ಕ್ಕೆ ಇಳಿಸಿದರು. ಬಾಣಲೆಗೆ ಬಳಿಯುವ ಟೆಫ್ಲಾನಿನ ಬಗೆಯ ಪುಡಿ ಬೆರೆಸಿದ ಸ್ಲಿಕ್-50 ಎಂಬ ಸೀಸೆ ಬಹಳ ಪ್ರಖ್ಯಾತವಾಗಿತ್ತು. ಅದಿಲ್ಲದೆ ಎಂಜಿನ್ನಿಗೆ ಚಾಲೂ ಮಾಡುವಾಗ ರಕ್ಷಣೆಯೇ ಇಲ್ಲವೆಂಬಂಥ ಜಾಹೀರಾತು ಸುಳ್ಳೆಂದು ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ 1996ರಲ್ಲಿ ಆರೋಪ ಹೊರಿಸಿತು. 1997ರಲ್ಲಿ ಕಂಪನಿ ರಾಜಿಗೆ ಬಂದಿತು.

ಸಿಂಥೆಟಿಕ್ ಹಾಕಿಸಿದೆನೆಂದು ಬದಲಿಸುವ ಅವಧಿಯನ್ನು ಮನಬಂದಂತೆ ಹಿಗ್ಗಿಸುವವರೂ ಉಂಟು. ಮೂಲ ತೈಲ ಕೆಡದಿದ್ದರೂ ಅದರಲ್ಲಿನ ಆಮ್ಲಶಮನ ದ್ರವ್ಯ ಮುಗಿದುಹೋಗುತ್ತದೆ, ಮಸಿಯೂ ಧೂಳೂ ಸೇರುತ್ತಲೇ ಇರುತ್ತವೆ. ಕೈಪಿಡಿ ಹೇಳುವ ಕಿಲೋಮೀಟರು ಅಥವಾ ತಿಂಗಳು, ಯಾವುದು ಮೊದಲೋ ಆಗ ಬದಲಿಸಬೇಕು. ಜೊತೆಗೆ ಆಯಿಲ್ ಫಿಲ್ಟರನ್ನೂ.